ಬಾಗಿಯ ಬಹುಮಾನದ ಕೆಂಬುಡೆ

ಬಿಜೈಯ ಬಾಗಿ ಸಿಟ್ಟಿನ ಹೆಂಗಸು ಎಂದು ಹೇಳುವವರೆಲ್ಲ ಆಕೆಯನ್ನು ಯುದ್ಧಕಾಲದ ಆ ಬೇಸಿಗೆಯ ನಂತರ ಕಂಡವರು. ಅದಕ್ಕೆ ಮೊದಲು ಆಕೆ ಸಿಟ್ಟಾಗುತ್ತಿದ್ದದ್ದು ಬೇಲಿ ನುಗ್ಗುವ ದನಗಳ ಮೇಲೆ, ಸೊಪ್ಪಿನ ಸಾಲು ಕೆದರುವ ಕೋಳಿಗಳ ಮೇಲೆ. ಮನುಷ್ಯರ ಮೇಲೆ ಸಿಟ್ಟಾಗುವುದನ್ನು ಆಕೆಗೆ ಕಲಿಸಿದ್ದು ಒಂದು ಕುಂಬಳಕಾಯಿ.

ಪೇಟೆಯ ಅಂಚಿನ ಬಿಜೈಯಲ್ಲಿ ಈಗ ಬಸ್ಸುಗಳು ಬಂದು ನಿಲ್ಲುವ ಕಡೆಯೆಲ್ಲ ಆಗ ಗದ್ದೆ. ಗಂಡ ನೋಣಯ್ಯ ಜ್ವರದಲ್ಲಿ ತೀರಿಕೊಂಡ ಮೇಲೆ ಬಾಗಿ ಒಬ್ಬಳೇ ಗೇಣಿಗೆ ಗದ್ದೆ ಮಾಡುತ್ತಿದ್ದಳು. ಭತ್ತ ಕೊಯ್ದ ಕೂಡಲೇ ಅದೇ ಮಣ್ಣಿನಲ್ಲಿ ಹರಿವೆ, ಅಲಸಂಡೆ, ಸೌತೆ ಹಾಕುವಳು. ಬದುವಿನ ಉದ್ದಕ್ಕೂ ಸಿಹಿಗುಂಬಳದ ಬಳ್ಳಿ. ತುಳುವಿನಲ್ಲಿ ನಾವು ಅದಕ್ಕೆ ಕೆಂಬುಡೆ ಎನ್ನುತ್ತೇವೆ. ಬೂತಾಯಿ ಮೀನು ರಾಶಿ ಬಿದ್ದು ಹಾಳಾಗುವ ದಿನಗಳಲ್ಲಿ ಬಾಗಿ ಕಡಲ ಬದಿಗೆ ಹೋಗಿ ಬುಟ್ಟಿ ತುಂಬಿಸಿ ತರುತ್ತಿದ್ದಳು. ಅದನ್ನು ಮಡಕೆಯಲ್ಲಿ ಕೊಳೆಯಿಸಿ, ನೀರು ಬೆರೆಸಿ ಬುಡಕ್ಕೆ ಹೊಯ್ಯುವಳು. ಆ ವಾಸನೆಗೆ ದಾರಿಯಲ್ಲಿ ಹೋಗುವವರು ಮೂಗು ಮುಚ್ಚಿಕೊಂಡರೂ ಕಾಯಿ ಬಿಟ್ಟಾಗ ಕೈ ಚಾಚದವರಿರಲಿಲ್ಲ. ಪೇಟೆಗೆ ಹೊತ್ತು ಮಾರಿದ ಮೇಲೂ ಓಣಿಯ ಪ್ರತಿ ಮನೆಗೂ ಒಂದು ಹೋಳಾದರೂ ಮುಟ್ಟುತ್ತಿತ್ತು.

ಬರ್ಮಾದ ಅಕ್ಕಿ ಬರುವುದು ನಿಂತು ಊರು ಕಂಗೆಟ್ಟಿದ್ದ ಕಾಲ ಅದು. ರೇಷನ್ ಅಂಗಡಿಯ ಎದುರು ಬೆಳಿಗ್ಗೆ ನಿಂತವರು ಮಧ್ಯಾಹ್ನ ಬರಿ ಚೀಲ ಹಿಡಿದು ತಿರುಗಿ ಬರುತ್ತಿದ್ದರು. ಸಿಕ್ಕಿದ ಅಕ್ಕಿಗೂ ಮುಗ್ಗಲು ನಾತ. ಪೇಟೆಯಲ್ಲಿ ಗಂಜಿ ಕೇಂದ್ರ ತೆರೆದಿದ್ದರು. ಬಾಗಿಯ ಮಗಳು ಕುಮುದಿನಿ ಹಸುಗೂಸಿನೊಂದಿಗೆ ತಾಯಿಮನೆಯಲ್ಲೇ ಇದ್ದಳು. ಅವಳ ಗಂಡ ಮಿಲಿಟರಿಗೆ ಸೇರಿ ದೂರ ಹೋಗಿದ್ದ.

ಆ ವರ್ಷವೇ ಕೆಲವು ದೊಡ್ಡ ಮನುಷ್ಯರು ಸಮಿತಿ ಮಾಡಿಕೊಂಡು ಪೇಟೆಯ ಮೈದಾನದಲ್ಲಿ ಬೆಳೆ ಪ್ರದರ್ಶನ ನಡೆಸಲು ಹೊರಟರು. ಹೆಚ್ಚು ಆಹಾರ ಬೆಳೆಯಿರಿ ಎಂದು ಜನರಿಗೆ ಬುದ್ಧಿ ಹೇಳುವುದು ಅವರ ಉದ್ದೇಶ. ಬೆಳೆಗಾರರನ್ನು ಹುಡುಕಲು ಗುಣಪಾಲ ಎಂಬ ತರುಣನನ್ನು ನೇಮಿಸಿದ್ದರು. ಆತ ಬೇಸಾಯದ ಶಾಲೆಯಲ್ಲಿ ಓದಿ ಬಂದವನು, ಸೈಕಲ್ಲು, ಕ್ಯಾನ್ವಾಸ್ ಟೋಪಿ. ಬಾಗಿಯ ಬದುವಿನ ಮೇಲೆ ಬಂದು ನಿಂತು, ತಾಯಿಯ ವಯಸ್ಸಿನವಳನ್ನು ಏಕವಚನದಲ್ಲೇ ಮಾತಾಡಿಸಿದ.

"ಬಾಗಿ, ನಿನ್ನ ಕೆಂಬುಡೆ ದೊಡ್ಡದು ಅಂತ ಎಲ್ಲರೂ ಹೇಳ್ತಾರೆ. ನಾನು ಹೇಳಿದ ಹಾಗೆ ಮಾಡಿದರೆ ಇನ್ನೂ ಎಷ್ಟೋ ಪಾಲು ದೊಡ್ಡದು ಬರ್ತದೆ. ಇಬ್ಬರು ಗಂಡಸರು ಹಿಡಿದರೂ ಏಳಬಾರದು, ಅಂಥದ್ದು."

"ಅಷ್ಟು ದೊಡ್ಡದು ಮಾಡಿ ಎಂತ ಮಾಡುವುದು ಧನಿ?"

"ಜನ ನೋಡ್ಲಿಕ್ಕೆ. ನೋಡಿದರೆ ಅವರಿಗೂ ಬೆಳೆಸುವ ಮನಸ್ಸು ಬರ್ತದೆ."

"ನೋಡಿ ಆದ ಮೇಲೆ?"

ಗುಣಪಾಲ ಇದನ್ನು ಯೋಚಿಸಿರಲಿಲ್ಲ. "ಆಮೇಲೆ ಗಂಜಿ ಕೇಂದ್ರಕ್ಕೆ ಕೊಡುವ. ಎಷ್ಟು ಜನಕ್ಕೆ ಆಗ್ತದೆ ನೋಡು. ನಾನು ಮಾತು ಕೊಡ್ತೇನೆ."

ಹುಡುಗ ಸುಳ್ಳ ಎಂದು ನಾನು ಹೇಳುವುದಿಲ್ಲ. ಆದರೆ ಕೊಡಲು ತನಗೆ ಅಧಿಕಾರವೇ ಇಲ್ಲದ ಮಾತನ್ನು ಬಡವರ ಗದ್ದೆಯಲ್ಲಿ ನಿಂತು ಕೊಡುವವರನ್ನು ಏನೆಂದು ಕರೆಯಬೇಕು? ಬಾಗಿ ಒಪ್ಪಿದಳು. ಗಂಜಿಯ ಆಸೆಯ ಜೊತೆಗೆ ಆಕೆಗೆ ಸ್ವಲ್ಪ ಹೆಮ್ಮೆಯೂ ಇತ್ತು. ಊರಿನಲ್ಲಿ ಯಾರೂ ಬೆಳೆಸದಂಥದ್ದನ್ನು ತಾನು ಬೆಳೆಸುತ್ತೇನೆ ಎಂಬ ಆಸೆ ಯಾರಿಗಿಲ್ಲ?

ಗುಣಪಾಲ ಆರೈಕೆ ಶುರುಮಾಡಿಸಿದ. ಮೊದಲು ಆಳವಾದ ಗುಂಡಿ ತೋಡಿಸಿ, ಮೀನಿನ ಗೊಬ್ಬರ, ಎಲುಬಿನ ಹುಡಿ, ಸುಡುಮಣ್ಣು ತುಂಬಿಸಿದ. ಬಳ್ಳಿ ಹರಡಿದಂತೆ ಗೆಣ್ಣುಗಳ ಮೇಲೆ ಮಣ್ಣೆಳೆದು ಅಲ್ಲಲ್ಲೇ ಬೇರು ಬಿಡಿಸಿದ. ಬಿಸಿಲೇರುವ ಮೊದಲು ಗಂಡುಹೂವನ್ನು ಕಿತ್ತು ಅದರ ಹುಡಿಯನ್ನು ಹೆಣ್ಣುಹೂವಿಗೆ ಸವರಲು ಹೇಳಿಕೊಟ್ಟ. ಸಮಿತಿಯಿಂದ ಒಂದು ಬಿಳಿ ಗೊಬ್ಬರ ತಂದ, ಸಕ್ಕರೆಯಂತೆ ಹರಳು ಹರಳು. ನೀರಿನಲ್ಲಿ ಕರಗಿಸಿ ಹೊಯ್ದರೆ ಬಳ್ಳಿ ಕಣ್ಣೆದುರೇ ಕಪ್ಪು ಹಸುರಾಗುತ್ತಿತ್ತು. ಪಕ್ಕದ ಗದ್ದೆಯವರು ತಮ್ಮ ಭತ್ತಕ್ಕೂ ಸ್ವಲ್ಪ ಕೇಳಿದಾಗ, ಅದು ಸ್ಪರ್ಧೆಯವರಿಗೆ ಮಾತ್ರ ಎಂದುಬಿಟ್ಟ. ಊರು ಹಸಿದಿರುವಾಗ ಭತ್ತಕ್ಕಿಲ್ಲದ ಗೊಬ್ಬರ ಪ್ರದರ್ಶನದ ಕಾಯಿಗೆ ಇತ್ತು.

ಕಾಯಿ ತೆಂಗಿನಕಾಯಿಯಷ್ಟಾದಾಗ ಇನ್ನೊಂದು ಉಪಾಯ ಹೇಳಿದ. ಬಳ್ಳಿಯ ದಂಟಿಗೆ ಸಣ್ಣ ಸೀಳು ಮಾಡಿ ಬತ್ತಿ ತೂರಿಸಬೇಕು, ಬತ್ತಿಯ ಇನ್ನೊಂದು ತುದಿ ಹಾಲಿನ ಪಾತ್ರೆಯಲ್ಲಿರಬೇಕು.

"ಹಾಲಾ?" ಎಂದಳು ಬಾಗಿ.

"ಬಿಳಿಯರ ಸೀಮೆಯಲ್ಲಿ ಹಾಗೇ ಮಾಡ್ತಾರೆ. ಬಳ್ಳಿ ಕುಡೀತದೆ."

ಜಗಲಿಯಲ್ಲಿ ಮಗುವನ್ನು ಮಡಿಲಲ್ಲಿಟ್ಟು ಕೂತಿದ್ದ ಕುಮುದಿನಿ ತಲೆಯೆತ್ತಿ ನೋಡಿದಳು. ಬಾಗಿ ಕೈ ತೊಳೆದುಕೊಂಡು ಹೇಳಿದಳು, "ಧನಿ, ಈ ಮನೆಯಲ್ಲಿ ಹಾಲು ಕುಡೀಲಿಕ್ಕೆ ಬಾಯಿ ಬೇರೆ ಉಂಟು. ಬತ್ತಿಗೆ ನಾನು ನೀರು ಇಡ್ತೇನೆ. ಬೇಕಾದರೆ ಕುಡೀಲಿ." ಗುಣಪಾಲ ಆ ವಿಷಯ ಮತ್ತೆ ಎತ್ತಲಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಚಿವುಟುವ ಕೆಲಸ. ಒಂದು ಕಾಯಿ ಉಳಿಸಿ ಉಳಿದ ಎಳೆಗಾಯಿಗಳನ್ನೆಲ್ಲ ತೆಗೆಯಬೇಕು. ಬದುವಿನ ಬೇರೆ ಬಳ್ಳಿಗಳನ್ನೂ ಆತ ಕೀಳಿಸಿಬಿಟ್ಟಿದ್ದ, ಹತ್ತಿರದಲ್ಲಿದ್ದರೆ ಸತ್ವ ಎಳೆಯುತ್ತವೆ ಎಂದು. ದಿನವೂ ಬೆಳಿಗ್ಗೆ ಬಾಗಿ ಹೋಗಿ ಹೊಸದಾಗಿ ಕಚ್ಚಿದ ಹೀಚುಗಳನ್ನು ಉಗುರಿನಿಂದ ಕತ್ತರಿಸುವಳು.

ಹಾಗೆ ಕತ್ತರಿಸುತ್ತಿದ್ದಾಗಲೇ ನೆರೆಮನೆಯ ಹೆಲನ್ ಬಂದಳು; ಕ್ರೈಸ್ತರ ಹೆಂಗಸಾದ್ದರಿಂದ ಬಾಗಿ ಆಕೆಯನ್ನು ಬಾಯಮ್ಮ ಎಂದು ಕರೆಯುವಳು. ಆಕೆಯ ಗಂಡ ಮುಂಬಯಿಯಲ್ಲಿ ಹಡಗಿನ ಕೆಲಸಕ್ಕಿದ್ದ. ಮನೆ ತುಂಬ ಮಕ್ಕಳು. ಪ್ರತಿ ವರ್ಷ ಬಾಗಿಯ ಮೊದಲ ಕೆಂಬುಡೆ ಹೋಗುತ್ತಿದ್ದದ್ದು ಆ ಮನೆಗೆ.

"ಬಾಗ್ಯಕ್ಕ, ಈ ಸಲ ಕೆಂಬುಡೆ ಇಲ್ಲವಾ?"

"ಈ ಸಲ ಒಂದೇ ಬಾಯಮ್ಮ. ಬೇರೆಯದ್ದನ್ನು ತೆಗೀಬೇಕಂತೆ. ಇಲ್ಲಾಂದ್ರೆ ಸತ್ವ ಹಂಚಿ ಹೋಗ್ತದಂತೆ."

ಹೆಲನ್ ಬುಟ್ಟಿಯಲ್ಲಿ ಬಿದ್ದಿದ್ದ ಹೀಚುಗಳನ್ನು ನೋಡಿದಳು. "ಹಂಚಿ ಹೋದರೆ ತಪ್ಪೆಂತ? ಹಂಚಿ ಹೋಗ್ಬೇಕು ಅಂತಲೇ ಅಲ್ವಾ ಬೆಳೆಸುವುದು? ಊರಲ್ಲಿ ಅಕ್ಕಿ ಇಲ್ಲ, ನೀವು ಕಾಯಿ ಕೊಲ್ತಾ ಕೂತಿದ್ದೀರಿ."

"ಕಡೆಗೆ ಅದು ಗಂಜಿಗೇ ಹೋಗ್ತದೆ. ಧನಿ ಮಾತು ಕೊಟ್ಟಿದ್ದಾರೆ."

"ನನ್ನ ಮಕ್ಕಳಿಗೆ ಹಸಿವೆ ಆಗುವುದು ಇವತ್ತು. ನಿಮ್ಮ ಧನಿಯ ಮಾತನ್ನು ಬೇಯಿಸ್ಲಿಕ್ಕೆ ಆಗ್ತದಾ?"

ಹೆಲನ್ ಹೊರಟುಹೋದಳು. ಅಂದಿನಿಂದ ಎರಡು ಮನೆಗಳ ನಡುವೆ ಮಾತಿಲ್ಲ. ಬಾಗಿ ಹೀಚುಗಳ ಪಲ್ಯ ಮಾಡಿ ಕುಮುದಿನಿಗೆ ಬಡಿಸಿ, ತಾನು ಬರಿ ಗಂಜಿ ಉಂಡಳು.

ಕೆಂಬುಡೆ ಮಾತ್ರ ಬೆಳೆಯುತ್ತಲೇ ಹೋಯಿತು. ಬೈಹುಲ್ಲಿನ ಹಾಸಿಗೆಯ ಮೇಲೆ, ತೆಂಗಿನ ಮಡಲಿನ ಚಪ್ಪರದ ನೆರಳಿನಲ್ಲಿ, ಮಲಗಿದ ಎಮ್ಮೆಕರುವಿನಂತೆ ಅದು ಬೆನ್ನು ಉಬ್ಬಿಸಿತು. ಪೇಟೆಯಿಂದ ಜನ ನೋಡಲು ಬಂದರು. ಬಾಗಿ ಸೆರಗಿನಿಂದ ಅದರ ಧೂಳು ಒರೆಸಿ ತೋರಿಸುವಳು.

ಪ್ರದರ್ಶನದ ದಿನ ಅದನ್ನು ಗೋಣಿಯಲ್ಲಿ ಜೋಲಿ ಕಟ್ಟಿ ಗಾಡಿಗೆ ಏರಿಸಲು ಗಂಡಸರ ಒಂದು ಗುಂಪೇ ಬೇಕಾಯಿತು. ಮೈದಾನದಲ್ಲಿ ಮೊದಲ ಬಹುಮಾನ ಅದಕ್ಕೇ ಬಂತು. ಅಧ್ಯಕ್ಷರು ಬಾಗಿಯ ಕೈಗೆ ಒಂದು ಬೆಳ್ಳಿಯ ಲೋಟ ಕೊಟ್ಟರು. ಫೋಟೋ ತೆಗೆಯುವ ಹೊತ್ತಿಗೆ ಸಮಿತಿಯವರು ಕುಂಬಳದ ಸುತ್ತ ನಿಂತರು; ಬಾಗಿಗೆ ಹಗ್ಗದ ಆಚೆ ನಿಲ್ಲಲು ಹೇಳಿದರು. ಆಕೆ ನಿಂತಳು. ಅದು ಅವಳಿಗೆ ದೊಡ್ಡ ಸಂಗತಿಯಾಗಿ ಕಾಣಲಿಲ್ಲ. ಗುಣಪಾಲನನ್ನು ಹುಡುಕಿ ಕೇಳಿದ್ದು ಒಂದೇ ಪ್ರಶ್ನೆ.

"ಗಂಜಿಗೆ ಯಾವಾಗ ತಗೊಂಡು ಹೋಗ್ತೀರಿ?"

"ನಾಡಿದ್ದು ಕಳಿಸುವ," ಎಂದ ಆತ, ಜನರ ಮಧ್ಯೆ ಆಕಡೆ ಈಕಡೆ ನೋಡುತ್ತ.

ನಾಡಿದ್ದು ಕಳೆಯಿತು, ವಾರವೂ ಕಳೆಯಿತು. ಬಾಗಿ ಪೇಟೆಗೆ ಹೋದಾಗ ಗಂಜಿ ಕೇಂದ್ರಕ್ಕೆ ಹೋಗಿ ಅಡುಗೆಯವಳನ್ನು ಕೇಳಿದಳು. ಯಾವ ಕೆಂಬುಡೆಯೂ ಬಂದಿರಲಿಲ್ಲ. ಸಾಲಿನಲ್ಲಿ ಕೂತವರ ಎದುರು ತೆಳ್ಳಗಿನ ಗಂಜಿ, ಒಂದು ಚಿಟಿಕೆ ಉಪ್ಪು. ಆ ಸಾಲಿನಲ್ಲಿ ಹೆಲನ್ ಕೂಡ ಇದ್ದಳು, ಮಕ್ಕಳನ್ನು ಎರಡೂ ಬದಿಗೆ ಕೂರಿಸಿಕೊಂಡು. ಬಾಗಿಯನ್ನು ಕಂಡು ಮುಖ ತಗ್ಗಿಸಿದಳು. ಆ ತಗ್ಗಿಸಿದ ಮುಖವನ್ನು ನೋಡಿದಾಗ ಎದೆಯಲ್ಲಿ ಕೆಂಡ ಬಿದ್ದ ಹಾಗಾಯಿತು ಎಂದು ಬಾಗಿ ಆಮೇಲೆ ಹೇಳುತ್ತಿದ್ದಳು.

ಅಲ್ಲಿಂದ ಆಕೆ ನೇರವಾಗಿ ಮೈದಾನಕ್ಕೆ ನಡೆದಳು. ಚಪ್ಪರ ಬಿಚ್ಚಿ ಆಗಿತ್ತು. ಮೂಲೆಯ ಒಂದು ಶೆಡ್ಡಿನ ಎದುರು ಕಾವಲುಗಾರ ಅಲಿಯಬ್ಬ ಕೂತಿದ್ದ.

"ನನ್ನ ಕೆಂಬುಡೆ ಎಲ್ಲುಂಟು?"

"ಒಳಗೆ ಉಂಟು ಅಕ್ಕ. ನಾಲ್ಕು ದಿನದಿಂದ ನಾತ ಬರ್ತಾ ಉಂಟು. ನಾನು ಅವರಿಗೆ ಹೇಳಿದೆ. ಕೇಳುವವರು ಯಾರು?"

ಕುಂಬಳ ಒಂದು ಮೇಜಿನ ಮೇಲಿತ್ತು. ಹೊಳೆಯಲೆಂದು ಮೈಗೆಲ್ಲ ವಾರ್ನಿಷ್ ಬಳಿದಿದ್ದರು. ಅದರ ಹೊಟ್ಟೆಯ ಮೇಲೆ ಬಿಳಿ ಬಣ್ಣದಲ್ಲಿ ದೊಡ್ಡ ಅಕ್ಷರ ಬರೆಸಿದ್ದರು. ಬಾಗಿಗೆ ಓದು ಬರುತ್ತಿರಲಿಲ್ಲ, ಅಲಿಯಬ್ಬನಿಗೂ ಬರುತ್ತಿರಲಿಲ್ಲ. ಆಕೆ ಗಂಜಿ ಕೇಂದ್ರದಲ್ಲಿ ವಿಚಾರಿಸಿದ ಸುದ್ದಿ ತಿಳಿದು ಸೈಕಲ್ಲಿನಲ್ಲಿ ಓಡಿಬಂದ ಗುಣಪಾಲನನ್ನೇ ಆಕೆ ಕೇಳಿದಳು.

"ಎಂತ ಬರೆದದ್ದು ಇದರಲ್ಲಿ?"

ಗುಣಪಾಲ ತಡವರಿಸಿದ. "ಹೆಚ್ಚು ಆಹಾರ ಬೆಳೆಯಿರಿ ಅಂತ."

ಮೇಜಿನ ಕೆಳಗೆ ಕಾಯಿಯ ರಸ ತೊಟ್ಟಿಕ್ಕುತ್ತಿತ್ತು. ನೊಣಗಳು ಮುತ್ತಿದ್ದವು.

"ಸುರತ್ಕಲ್ಲಿಗೆ, ಆಚೆಯ ಊರುಗಳಿಗೆ ತಗೊಂಡು ಹೋಗಿ ತೋರಿಸ್ಬೇಕು ಅಂತ ಅಧ್ಯಕ್ಷರು ಹೇಳಿದ್ದು. ನಾನು ಗಂಜಿಯ ವಿಷಯ ಹೇಳಿದೆ. ಅವರು ಒಪ್ಪಲಿಲ್ಲ. ನಾನೆಂತ ಮಾಡ್ಲಿ, ಬಾಗಿ?"

"ನನಗೆ ಹೇಳ್ಬಹುದಿತ್ತು. ಗಾಡಿ ನಾನೇ ತರ್ತಿದ್ದೆ." ಆಕೆಯ ಸ್ವರ ಏರಲಿಲ್ಲ. "ಒಂದಕ್ಕೋಸ್ಕರ ನನ್ನ ಕೈಯಿಂದ ಎಷ್ಟು ಕಾಯಿ ಕೊಲ್ಲಿಸಿದಿರಿ. ನೆರೆಮನೆಯ ಮಕ್ಕಳ ಬಾಯಿಂದ ತೆಗೆಸಿದಿರಿ. ಈಗ ಇದು ಯಾರಿಗೂ ಇಲ್ಲ, ನೊಣಕ್ಕೆ. ಮೇಲಿಂದ ಇದರ ಹೊಟ್ಟೆ ಮೇಲೆ ಬುದ್ಧಿ ಬರೆಸಿದ್ದೀರಿ."

ಸೊಂಟದಲ್ಲಿದ್ದ ಹುಲ್ಲು ಕೊಯ್ಯುವ ಕತ್ತಿಯನ್ನು ತೆಗೆದು ಆಕೆ ಆ ಅಕ್ಷರಗಳ ನಡುವೆಯೇ ಇಳಿಸಿದಳು. ಗುಣಪಾಲ ತಡೆಯಲು ಬಂದಾಗ ಅಲಿಯಬ್ಬ ಅವನ ತೋಳು ಹಿಡಿದು, "ಬೇಡ ಮಾರಾಯ್ರೆ, ಕೈಯಲ್ಲಿ ಕತ್ತಿ ಉಂಟು," ಎಂದ. ಹಾಗೆಂದು ಆಮೇಲೆ ಅವನೇ ಒಂದು ಬದಿ ಹಿಡಿದುಕೊಟ್ಟ.

ಅರ್ಧ ಭಾಗ ಕೊಳೆತಿತ್ತು. ಅದನ್ನೂ ವಾರ್ನಿಷಿನ ಸಿಪ್ಪೆಯನ್ನೂ ಕೆತ್ತಿ ಬಿಸಾಡಿ, ಉಳಿದದ್ದನ್ನು ಬುಟ್ಟಿಗಳಿಗೆ ತುಂಬಿ ಗಂಜಿ ಕೇಂದ್ರಕ್ಕೆ ಹೊತ್ತರು. ಬಾಗಿ ಬರುತ್ತಿರುವುದನ್ನು ಕಂಡು ಹೆಲನ್ ಎದ್ದು ಬಂದು ಒಂದು ಬುಟ್ಟಿಗೆ ಕೈ ಕೊಟ್ಟಳು. ಅಡುಗೆಯವಳು ಹೋಳು ಮಾಡಿ ಬೇಯಿಸಿದಳು.

ಆದರೆ ಕಾಯಿಗೆ ರುಚಿಯೇ ಇರಲಿಲ್ಲ. ಬರೀ ನೀರು, ನಾರು. ಸಾಲಿನಲ್ಲಿದ್ದ ಒಬ್ಬ ಮುದುಕಿ ಬಾಯಿಗಿಟ್ಟು, "ಇದೆಂತ ಕೆಂಬುಡೆ, ಒದ್ದೆ ಹಗ್ಗ ಅಗಿದ ಹಾಗೆ ಉಂಟು," ಎಂದಳು. ಆದರೂ ತಿಂದಳು. ಎಲ್ಲರೂ ತಿಂದರು. ಹಸಿದವರು ಏನು ಮಾಡುತ್ತಾರೆ?

ಬಾಗಿಯ ನಿಜವಾದ ಸಿಟ್ಟು ಹುಟ್ಟಿದ್ದು ಅಲ್ಲಿ. ಅಷ್ಟು ದಿನದ ಆರೈಕೆ, ಮೀನು, ಬಿಳಿ ಗೊಬ್ಬರ, ಕೊಡಪಾನಗಟ್ಟಲೆ ನೀರು, ಎಲ್ಲವೂ ಕಣ್ಣಿಗೆ ಮಾತ್ರ ಒಂದು ಕಾಯಿ ಮಾಡಿತ್ತು. ನಾಲಿಗೆಗೆ ಮಾಡಿರಲಿಲ್ಲ. ಮನೆಗೆ ನಡೆಯುತ್ತ ಹೆಲನ್‌ಗೆ ಹೇಳಿದಳು, "ಅವರಿಗೆ ಗೊತ್ತಿರ್ಲಿಲ್ಲ ಅಂತ ಬಿಡುವ ಬಾಯಮ್ಮ. ನನಗೆ ಗೊತ್ತಾಗ್ಬೇಕಿತ್ತು. ದಿನಾ ಚಿವುಟುವಾಗ ನಿಮ್ಮ ಮಾತು ನೆನಪಾಗ್ತಿತ್ತು. ಆದರೂ ಚಿವುಟಿದೆ."

ಸಮಿತಿಯವರು ಸುಮ್ಮನಿರಲಿಲ್ಲ. ಪ್ರದರ್ಶನದ ವಸ್ತು ಹಾಳುಮಾಡಿದಳೆಂದು ಬಾಗಿಯ ಬಹುಮಾನವನ್ನು ರದ್ದು ಮಾಡಿ ಲೋಟ ತರಲು ಜವಾನನನ್ನು ಕಳಿಸಿದರು. ಕುಮುದಿನಿ ಅದನ್ನು ತಂದು ಜಗಲಿಯಲ್ಲಿಟ್ಟಳು. ಬಾಗಿ ಒಳಗಿಂದ ಹೊರಗೆ ಬರಲೂ ಇಲ್ಲ. ಅಲಿಯಬ್ಬನ ಕಾವಲು ಕೆಲಸ ಹೋಯಿತು. ಆತ ಬಂದರಿನಲ್ಲಿ ಮೂಟೆ ಹೊರಲು ಸೇರಿಕೊಂಡ. ಗುಣಪಾಲ ತನ್ನ ಕೆಲಸದಲ್ಲೇ ಉಳಿದುಕೊಂಡ.

ಮರುವರ್ಷ ಮತ್ತೆ ಪ್ರದರ್ಶನ. ಬಿಜೈಯಲ್ಲಿ ಯಾರೂ ಒಪ್ಪದೆ ಗುಣಪಾಲ ಪಡೀಲಿನಲ್ಲಿ ಲೋಕಯ್ಯ ಎಂಬವನನ್ನು ಹಿಡಿದಿದ್ದಾನೆಂದು ತಿಳಿಯಿತು. ಬಾಗಿ ಬಿಸಿಲಿನಲ್ಲಿ ಪಡೀಲಿನವರೆಗೆ ನಡೆದು ಹೋದಳು. ಲೋಕಯ್ಯ ಬಳ್ಳಿಯ ಬುಡದಲ್ಲಿ ಕೂತು ಹೀಚು ಕತ್ತರಿಸುತ್ತಿದ್ದ. ಆಕೆ ನಡೆದದ್ದನ್ನೆಲ್ಲ ಹೇಳಿದಳು. ಆತ ಕೈ ನಿಲ್ಲಿಸದೆ ಎಲ್ಲ ಕೇಳಿಸಿಕೊಂಡು ಹೇಳಿದ.

"ನಿಮಗೆ ಒಂದು ಸಲ ಸಿಕ್ಕಿತಲ್ಲ ಅಕ್ಕ, ಊರೆಲ್ಲ ಬಂದು ನೋಡುವ ಯೋಗ. ನನಗೂ ಒಂದು ಸಲ ಸಿಗ್ಲಿ."

ಬಾಗಿ, ಆತ ಕತ್ತರಿಸಿ ಹಾಕಿದ್ದ ಹೀಚುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು, ದಾರಿಯುದ್ದಕ್ಕೂ ಲೋಕಯ್ಯನನ್ನೂ ಗುಣಪಾಲನನ್ನೂ ಸಮಿತಿಯನ್ನೂ ಬಯ್ಯುತ್ತ, ಬಿಜೈಗೆ ತಿರುಗಿ ನಡೆದಳು. ಎದುರು ಸಿಕ್ಕವರು ಬದಿಗೆ ಸರಿದು ದಾರಿ ಬಿಟ್ಟರು.