ಎರಡು ಗೆರೆಗಳ ನಡುವಿನ ಹೊಳೆ

ಚಿನ್ನದ ಗಣಿಯ ಹಟ್ಟಿಯಲ್ಲಿ ನರ್ಸ್ ಆಗಿರುವ ನನ್ನ ತಂಗಿಯ ಮಗಳು ಹೋದ ಚಳಿಗಾಲದಲ್ಲಿ ಲಿಂಗಸುಗೂರಿಗೆ ಬಂದವಳೇ ನನ್ನ ಊಟದ ಮೇಜಿನ ಮೇಲೆ ಟೋಪೋಶೀಟ್ ನಕ್ಷೆ ಹಾಸಿದಳು. ಅದು ಸುರುಳಿಯಾಗದಂತೆ ಒಂದು ಮೂಲೆಗೆ ಶೇಂಗಾ ಹಿಂಡಿಯ ಡಬ್ಬಿ, ಇನ್ನೊಂದಕ್ಕೆ ನನ್ನ ಕನ್ನಡಕದ ಕೇಸ್.

"ದೊಡ್ಡವ್ವ, ಜಲದುರ್ಗದ ಕೆಳಗ ಕಯಾಕ್ ದೋಣಿ ಇಳಿಸಬೇಕಂತ ಮಾಡೀನಿ. ಹೊಳಿ ಎಲ್ಲಿ ಸಪಾಟ ಐತಿ, ಎಲ್ಲಿ ಬೀಳತೈತಿ, ನೀ ಓದಿ ಹೇಳು. ನಿನ್ನ ಮಾತಿನ ಮ್ಯಾಲೆ ಹೋಗಾಕಿ ನಾನು."

ನಾನು ಜಿಯಾಗ್ರಫಿ ಟೀಚರ್ ಆಗಿದ್ದವಳು. ನಕ್ಷೆಯಲ್ಲಿ ಕೃಷ್ಣೆಯನ್ನು ನೂರಾರು ಸಲ ಬರೆಸಿದ್ದೇನೆ, ಕಾಲು ತೊಯ್ಸಿಕೊಂಡದ್ದು ಮಾತ್ರ ಬೆರಳೆಣಿಕೆಯಷ್ಟು ಸಲ. ಭೂತಗನ್ನಡಿ ಹಿಡಿದು ಬಗ್ಗಿದೆ. ನೆಲದ ಎತ್ತರ ತೋರಿಸುವ ಕಂದು ಗೆರೆಗಳನ್ನು ಕಂಡರೆ ಈಗಲೂ ನನಗೆ ಕಾನ್ವೆಂಟಿನ ತಗಡಿನ ಬೋಗುಣಿ ನೆನಪಾಗುತ್ತದೆ. ಅದರಲ್ಲಿ ಸಿಸ್ಟರ್ ಒಂದು ಕಲ್ಲಿಟ್ಟು, ಸ್ವಲ್ಪ ಸ್ವಲ್ಪವೇ ನೀರು ಸುರಿದು, ನೀರು ನಿಂತಲ್ಲೆಲ್ಲ ಕಲ್ಲಿನ ಸುತ್ತ ಚಾಕ್‌ನಿಂದ ಗೆರೆ ಎಳೆಯುತ್ತಿದ್ದರು. "ಗರ್ಲ್ಸ್, ಎವ್ರಿ ಕಾಂಟೂರ್ ಈಸ್ ಎ ಶೋರ್‌ಲೈನ್." ಒಂದೊಂದು ಗೆರೆಯೂ ಒಂದು ದಡ! ಆ ದಿನ ಎದ್ದು ನಿಂತು ಕೇಳಿದ್ದೆ: ಸಿಸ್ಟರ್, ಎರಡು ಗೆರೆಗಳ ನಡುವೆ ಏನಿರುತ್ತದೆ? "ದಟ್ ವೋಂಟ್ ಕಮ್ ಇನ್ ದಿ ಎಕ್ಸಾಮ್. ಸಿಟ್ ಡೌನ್."

ಗೆರೆ ಹೊಳೆಯನ್ನು ದಾಟಿದಲ್ಲಿ ನೀರು ಇಳಿಯುತ್ತದೆ. ನನ್ನ ತೋರುಬೆರಳಿನಷ್ಟುದ್ದದ ನೀಲಿಯನ್ನು ಒಂದೇ ಒಂದು ಗೆರೆಯೂ ದಾಟಿರಲಿಲ್ಲ.

"ಪರ್ಫೆಕ್ಟ್ಲಿ ಫ್ಲಾಟ್," ಎಂದೆ. "ಕಣ್ಣು ಮುಚ್ಚಿಕೊಂಡು ಹೋಗು."

ಭಾನುವಾರ ನಾನೂ ಜೀಪು ಹತ್ತಿದೆ. ದಡದಲ್ಲಿ ಅಂಬಿಗನೊಬ್ಬ ಹರಗೋಲು ಬೋರಲು ಹಾಕಿ ಡಾಂಬರು ಬಳಿಯುತ್ತಿದ್ದ. ಇವಳು ಪಂಪು ಒತ್ತಿ ಒತ್ತಿ ಕಯಾಕ್‌ಗೆ ಗಾಳಿ ತುಂಬುವುದನ್ನು ನೋಡಿ ನಕ್ಕ.

"ಏನ್ ತಂಗಿ, ಹೊಳಿಯಾಗ ಮಲಗಾಕ ಗಾದಿ ತಂದೀಯೇನು?"

"ಇಬ್ಬರು ಕುಂದ್ರಬಹುದು ಕಾಕಾ. ಬರ್ತೀಯೇನು?"

"ನಾ ಒಲ್ಲೆವ್ವ. ಕೆಳಗ ದಬದಬಿ ಐತಿ."

ದಬದಬಿ ಎಂದರೆ ನೀರು ಧುಮುಕುವ ಜಾಗ. ನಾನು ನಕ್ಷೆ ಬಿಚ್ಚಿ, ಕ್ಲಾಸಿನ ದನಿಯಲ್ಲಿ, ಅಲ್ಲಿ ಅಂಥದ್ದೇನೂ ಇಲ್ಲವೆಂದು ವಿವರಿಸಿದೆ. ಆತ ಕೈಯ ಡಾಂಬರು ಒರೆಸಿಕೊಳ್ಳುತ್ತ ಪೂರ್ತಿ ಕೇಳಿದ.

"ಅಕ್ಕೋರ, ನಿಮ್ಮ ಕಾಗದಕ್ಕ ಕಿವಿ ಅದಾವೇನ್ರಿ? ಪಂಪು ನಿಂದ್ರಿಸಿ ಕೇಳ್ರಿ."

ಪಂಪು ನಿಂತಿತು. ದೂರದಲ್ಲಿ ಜೋಳ ಬೀಸಿದಂತೆ ಒಂದು ಸದ್ದು.

ಮೂವರೂ ದಡದ ಗುಂಟ ನಡೆದೆವು. ಬಂಡೆಗಳ ಮೇಲೆ ಅವಳು ನನ್ನ ರಟ್ಟೆ ಹಿಡಿದಿದ್ದಳು. ತಿರುವು ದಾಟಿದ ಮೇಲೆ ಹೊಳೆ ಇದ್ದಕ್ಕಿದ್ದಂತೆ ಕಾಣೆಯಾಯಿತು. ಅಂಚಿಗೆ ಹೋಗಿ ಬಗ್ಗಿದರೆ ಮೂರಾಳು ಕೆಳಗೆ, ಬಿಳಿ ನೊರೆಯಲ್ಲಿ, ಬಿದ್ದ ಮರದ ಬೊಡ್ಡೆಯೊಂದು ಏಳುತ್ತಿತ್ತು, ಮುಳುಗುತ್ತಿತ್ತು. ಮತ್ತೆ ಏಳುತ್ತಿತ್ತು.

ನಾನು ಅಲ್ಲೇ ಕುಳಿತುಬಿಟ್ಟೆ. ನಕ್ಷೆಯ ಅಂಚಿನ ಸಣ್ಣ ಅಕ್ಷರಗಳನ್ನು ಈಗ ಓದಿದೆ: ಇಪ್ಪತ್ತು ಮೀಟರಿಗೆ ಒಂದು ಗೆರೆ. ಅಂದರೆ ಹೊಳೆ ನಡುವೆ ಹತ್ತೊಂಬತ್ತು ಮೀಟರ್ ಧುಮುಕಿದರೂ ಕಾಗದ ಬಾಯಿ ಬಿಡದೆ ಇರಬಹುದು. ಇದನ್ನು ಎಷ್ಟು ಬ್ಯಾಚಿಗೆ ಕಲಿಸಿದ್ದೆ! ಕಲಿಸಿದ್ದೆ ಅಷ್ಟೆ.

"ಕಣ್ಣು ಮುಚ್ಚಿಕೊಂಡು ಹೋಗು ಅಂದಿದ್ಯಲ್ಲ," ಎಂದಳು ಅವಳು. ನಗುತ್ತಲೇ ಅಂದಳು, ಆದರೆ ನನ್ನ ರಟ್ಟೆಯನ್ನು ಬಿಟ್ಟಿರಲಿಲ್ಲ.

"ಸಾರಿ ಯವ್ವ," ಎಂದೆ.

ಅಂಬಿಗ ಮುಂದಿನ ಬಂಡೆಗಳ ಹೆಸರು ಒಂದೊಂದಾಗಿ ಹೇಳಿದ, ನಾನು ಪೆನ್ಸಿಲಿನಲ್ಲಿ ನಕ್ಷೆಯ ಮೇಲೆ ಗುರುತು ಹಾಕಿಕೊಂಡೆ. ದಬದಬಿಗೆ ಅಡ್ಡಗೆರೆ ಎಳೆದೆ. ಆತನೂ ಅವಳೂ ಕಯಾಕ್ ಹೊತ್ತು ನೊರೆಗಿಂತ ಬಹಳ ಕೆಳಗೆ, ನೀರು ಸುಮ್ಮನಾದ ಕಡೆ, ಇಳಿಸಿದರು. ಲೈಫ್ ಜಾಕೆಟ್ ಎರಡಿದ್ದವು. ಇನ್ನೊಂದನ್ನು ನಾನು ಕೇಳಿ ಹಾಕಿಕೊಂಡೆ.

"ಅಕ್ಕೋರ, ನೀವೂ ಏನ್ರಿ!" ಎಂದು ಅಂಬಿಗ ಹುಬ್ಬೇರಿಸಿದ.

ಮುಂದಿನ ಸೀಟಿನಲ್ಲಿ ಕುಳಿತು ನಕ್ಷೆಯನ್ನು ಮೊಳಕಾಲ ಮೇಲೆ ಹರಡಿಕೊಂಡೆ. ಮೊದಲ ತಿರುವು ಹತ್ತಿರವಾದಾಗ ಹಿಂದಿನಿಂದ ಅವಳು ಕೇಳಿದಳು, "ದೊಡ್ಡವ್ವ, ಆಚೆ ಏನೈತಿ?"

"ಹುಟ್ಟು ನಿಂದ್ರಿಸು," ಎಂದೆ. "ಮೊದಲು ಕೇಳೂಣು."