ರತ್ನ ಚಿಕ್ಕಮ್ಮನ ರಜೆ ಪಟ್ಟಿ

ರತ್ನ ಚಿಕ್ಕಮ್ಮ ಕೆಟ್ಟ ಸುದ್ದಿಗಳನ್ನು ಪೆನ್ಸಿಲ್ಲಿನಲ್ಲಿ ಬರೆದಿಡುತ್ತಿದ್ದರು. ಅಡುಗೆಮನೆಯ ಬಾಗಿಲ ಹಿಂದೆ, ತಿಂಗಳು ಮುಗಿದ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ, ಒಂದರ ಕೆಳಗೊಂದು: ಅತ್ತೆ ಬಚ್ಚಲಲ್ಲಿ ಜಾರಿದರು. ಸಿದ್ದು ಗಣಿತದಲ್ಲಿ ಫೇಲು. ಸಿದ್ದು ಗಲ್ಲಕ್ಕೆ ಮೂರು ಹೊಲಿಗೆ.

ಅದು ರಜೆ ಪಟ್ಟಿ. ಸೈನ್ಯದಲ್ಲಿದ್ದ ಚಿಕ್ಕಪ್ಪ ರಜೆಗೆ ಬಂದ ಎರಡನೆಯ ದಿನ ಅವರಿಗೆ ಊಟ ಬಡಿಸಿ, ಎದುರು ಕೂತು, ಮೇಲಿನಿಂದ ಕೆಳಗೆ ಓದುತ್ತಿದ್ದರು. ಅಲ್ಲಿಯವರೆಗೆ ಅದರ ಒಂದು ಸಾಲೂ ಗಡಿಗೆ ಹೋಗುವಂತಿರಲಿಲ್ಲ. ಭಾನುವಾರದ ಫೋನಿನಲ್ಲಿ, "ಎಲ್ಲ ಚೆನ್ನಾಗಿದೀವಿ, ನೀವು ಹುಷಾರು," ಅಷ್ಟೇ.

ನಿಯಮ ಅಜ್ಜಿಯದು, ಚಿಕ್ಕಪ್ಪನ ತಾಯಿಯದು. ಬಿನ್ನಿಪೇಟೆಯ ಗಿರಣಿ ಕೆಲಸಗಾರನ ಹೆಂಡತಿಯಾಗಿ ಬಾಳಿ ಮಗನನ್ನು ಹವಾಲ್ದಾರನಾಗಿ ಕಂಡವರು. "ಬಂದೂಕು ಹಿಡ್ದಿರೋನು ಕಣಮ್ಮ. ಮನ್ಸು ಇತ್ಲಾಗೆ ತಿರುಗಿದ್ರೆ ಅಲ್ಲೇನಾಯ್ತದೆ?"

ನಾನು ಡಿಗ್ರಿ ಓದುವಾಗ ಮಲ್ಲೇಶ್ವರದ ಆ ಮನೆಯಲ್ಲಿ ಮೂರು ವರ್ಷ ಇದ್ದೆ. ಚಿಕ್ಕಮ್ಮ ಸರ್ಕಾರಿ ಕಚೇರಿಯೊಂದರ ಟಪಾಲು ವಿಭಾಗದಲ್ಲಿ ಗುಮಾಸ್ತೆ. ಕುಳ್ಳಗಿನ ಆಳು, ಬಿರುಸು ನಡಿಗೆ. ಗಂಡನನ್ನು ಆಡಿಕೊಳ್ಳುವುದೆಂದರೆ ಅವರಿಗೆ ಹಬ್ಬ. "ನಮ್ಮ ಹವಾಲ್ದಾರ್ರು ಬಂದ್ರೆ ಮೂರು ದಿನ ಕುಕ್ಕರೂ ಅಟೆನ್ಷನ್‌ನಲ್ಲೇ ಕೂಗುತ್ತೆ," ಎನ್ನುತ್ತಿದ್ದರು.

ಸಿದ್ದು ಅವರ ಒಬ್ಬನೇ ಮಗ, ಹದಿನಾರು ವರ್ಷದವನು. ಆ ವರ್ಷ ಅವನ ಮಾತು ಕಡಿಮೆಯಾಯಿತು. ಟಿವಿಯಲ್ಲಿ ಗಡಿಯ ಸುದ್ದಿ ಬಂದರೆ ಎದ್ದು, ಅಪ್ಪನ ಬೈಕು ತೆಗೆದುಕೊಂಡು ಹೋಗಿಬಿಡುತ್ತಿದ್ದ. ಲೈಸೆನ್ಸ್ ಇರಲಿಲ್ಲ. ಚಿಕ್ಕಮ್ಮ ಕೀ ಬಚ್ಚಿಟ್ಟರೂ ಹುಡುಕಿಕೊಳ್ಳುತ್ತಿದ್ದ. ಬಿದ್ದು ಬಂದರೆ ಅಜ್ಜಿ, "ಅಪ್ಪನ ರಕ್ತ ಕಣೇ, ಹೆದ್ರಿಕೆ ಇಲ್ಲ," ಎಂದು ಅರಿಶಿನ ಹಚ್ಚುತ್ತಿದ್ದರು.

ಒಂದು ಬುಧವಾರ, ಸಂಜೆ ನಾಲ್ಕೂವರೆ. ನಾನು ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದೆ. ಇಳಿಜಾರಿನಲ್ಲಿ ಸಿದ್ದು ಬೈಕಿನಲ್ಲಿ ನಮ್ಮ ಬಸ್ಸನ್ನು ದಾಟಿ ಹೋದ. ಎರಡೂ ಕೈ ತೊಡೆಯ ಮೇಲಿದ್ದವು. ಕಣ್ಣು ಮುಚ್ಚಿದ್ದವು. ಜೊತೆಗೆ ಸ್ನೇಹಿತರಿರಲಿಲ್ಲ, ಯಾರಿಗೋ ತೋರಿಸಲು ಮಾಡುತ್ತಿರಲಿಲ್ಲ. ಅವನು ನಗುತ್ತಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಎದುರಿನಿಂದ ಬಂದ ನೀರಿನ ಟ್ಯಾಂಕರ್ ಹಾರ್ನ್ ಒತ್ತಿದ ಮೇಲೆಯೇ ಅವನು ಹ್ಯಾಂಡಲ್ ಹಿಡಿದದ್ದು.

ಮನೆಗೆ ಬಂದು ಕಂಡದ್ದನ್ನು ಕಂಡ ಹಾಗೆ ಚಿಕ್ಕಮ್ಮನಿಗೆ ಹೇಳಿದೆ. ಕೊನೆಗೆ ನಾನು ಸೇರಿಸಿದ ಮಾತಿಗೆ ಇಂದಿಗೂ ನಾಚಿಕೆಯಾಗುತ್ತದೆ: "ರಜೆ ಪಟ್ಟಿಗೆ ಬರ್ಕೊಳ್ಳಿ ಚಿಕ್ಕಮ್ಮ."

ಅವರು ಪೆನ್ಸಿಲ್ ತೆಗೆದುಕೊಂಡು 'ಸಿದ್ದು' ಎಂದು ಬರೆದು ನಿಲ್ಲಿಸಿದರು.

"ಅವ್ರು ಬರೋದು ದೀಪಾವಳಿಗೆ. ಅಲ್ಲೀವರೆಗೂ ಇವನು ಇರ್ತಾನೇನೇ?"

ಚಿಕ್ಕಪ್ಪ ತುರ್ತಿಗೆಂದು ಕೊಟ್ಟಿದ್ದ ಯೂನಿಟ್ಟಿನ ನಂಬರಿಗೆ ಅವರು ಫೋನು ಮಾಡಿದ್ದು ಅದೇ ಮೊದಲು. ಅಜ್ಜಿ ಕೈ ಅಡ್ಡ ಹಿಡಿದರು. ಚಿಕ್ಕಮ್ಮ ದನಿ ಏರಿಸಲಿಲ್ಲ. "ಬಂದೂಕು ಅವ್ರ ಕೈಲಿದೆ, ನಿಜ ಅತ್ತೆ. ಮಗ ನನ್ನ ಕೈಲಿದಾನೆ ಅಂದ್ಕೊಂಡಿದಾರೆ. ಇಲ್ಲ ಅಂತ ನಾನೇ ಹೇಳ್ಬೇಕು."

ನಲವತ್ತು ನಿಮಿಷದ ಮೇಲೆ ಚಿಕ್ಕಪ್ಪನ ಫೋನು ಬಂತು. ಚಿಕ್ಕಮ್ಮ ಸ್ಪೀಕರಿಗೆ ಹಾಕಿದರು. ಚಿಕ್ಕಪ್ಪ ಕೇಳಿದ ಮೊದಲ ಮಾತು, "ಅಮ್ಮ ಹೋಗ್ಬಿಟ್ರಾ?"

"ಇಲ್ಲೇ ಕೂತು ನನ್ನ ಬೈತಿದಾರೆ," ಎಂದ ಚಿಕ್ಕಮ್ಮ, ನಾನು ಹೇಳಿದ್ದನ್ನು ಒಂದು ಮಾತೂ ಹೆಚ್ಚಿಸದೆ, ತಗ್ಗಿಸದೆ ಹೇಳಿದರು. ಅಷ್ಟರಲ್ಲಿ ಸಿದ್ದು ಒಳಗೆ ಬಂದಿದ್ದ. ಬಾಗಿಲಲ್ಲೇ ನಿಂತು ಕೇಳಿಸಿಕೊಂಡ. ಚಿಕ್ಕಮ್ಮ ಫೋನನ್ನು ಅವನತ್ತ ಚಾಚಿದರು.

"ಸಿದ್ದು, ನಿದ್ದೆ ಬರುತ್ತೇನೋ?"

"ಇಲ್ಲ ಪಪ್ಪಾ."

"ಎಷ್ಟು ದಿನದಿಂದ?"

"ನೀವು ಹೋದಾಗಿಂದ."

"ಅಮ್ಮನ ಜೊತೆ ಡಾಕ್ಟ್ರ ಹತ್ರ ಹೋಗು. ಆರ್ಡರ್ ಅಲ್ಲ ಕಣೋ. ಕೇಳ್ಕೊಳ್ತಿದೀನಿ."

ಸಿದ್ದು ಬೈಕಿನ ಕೀಯನ್ನು ತಾನಾಗಿಯೇ ಅಮ್ಮನ ಕೈಗಿತ್ತ.

ಬೆಳಿಗ್ಗೆ ಅಜ್ಜಿಯದು ಇನ್ನೊಂದು ಅಳುಕು. "ಹುಚ್ಚಿನ ಡಾಕ್ಟ್ರ ಹತ್ರ ಹೋದ ಅಂತ ಗೊತ್ತಾದ್ರೆ ನಾಳೆ ಮಿಲಿಟ್ರಿಗೆ ತಗಳ್ಳಲ್ಲ ಕಣಮ್ಮ."

"ಮಿಲಿಟ್ರಿಗೆ ಸೇರೋಕೆ ಮೊದ್ಲು ಬದುಕಿರ್ಬೇಕಲ್ಲ ಅತ್ತೆ."

ಗೇಟಿನಲ್ಲಿ ಕೆಳಮನೆಯ ಶಿವಮ್ಮನವರು, "ಎಲ್ಲಿಗೆ ರತ್ನಾ, ಆಫೀಸ್ ಇಲ್ವಾ?" ಎಂದರು. ಚಿಕ್ಕಮ್ಮ, "ಮನಸ್ಸಿನ ಡಾಕ್ಟ್ರ ಹತ್ರ, ಸಿದ್ದೂನ ಕರ್ಕೊಂಡು," ಎಂದು, ತರಕಾರಿಗೆ ಹೊರಟವರ ದನಿಯಲ್ಲಿ ಹೇಳಿ ನಡೆದರು. ಹಿಂದೆ ಬರುತ್ತಿದ್ದ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ನಮ್ಮ ಮನೆತನದಲ್ಲಿ ಪದಕ ಬಂದಿರುವುದು ಚಿಕ್ಕಪ್ಪನಿಗೆ. ಹೆಮ್ಮೆಯೆಂದರೆ ನನಗೆ ಮೊದಲು ನೆನಪಾಗುವುದು ಆ ಗೇಟು.

ಒಂದೂವರೆ ವರ್ಷದ ನಂತರ ಚಿಕ್ಕಪ್ಪನಿಗೆ ಸಂಸಾರ ಜೊತೆಗಿಟ್ಟುಕೊಳ್ಳಬಹುದಾದ ಊರಿಗೆ ವರ್ಗವಾಯಿತು. ಎಲ್ಲರೂ ಉತ್ತರಕ್ಕೆ ಹೊರಟರು. ನಾನು ಚಿಕ್ಕಮ್ಮನನ್ನು ಕೊನೆಯ ಸಲ ಕಂಡದ್ದು ಅಂದೇ. ಅಲ್ಲಿಂದೀಚೆಗೆ ಅವರು ಬೆಂಗಳೂರಿಗೆ ಬಂದಿಲ್ಲ. ಸಾಮಾನು ಇಳಿಸುತ್ತಿದ್ದಾಗ ಶಿವಮ್ಮನವರು ಅವರ ಕೈ ಹಿಡಿದು, "ಅಂತೂ ಸಿದ್ದು ಪೂರ್ತಿ ಸರಿಹೋದ್ನಲ್ಲ," ಎಂದರು.

"ಈ ವಾರ ಚೆನ್ನಾಗಿದಾನೆ," ಎಂದರು ಚಿಕ್ಕಮ್ಮ.

ಕಬ್ಬಿಣದ ಟ್ರಂಕನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲಿಳಿಯುತ್ತಿದ್ದ ಸಿದ್ದು ಅಲ್ಲಿಂದಲೇ ಹೇಳಿದ, "ಮಂಗಳವಾರ ಸ್ವಲ್ಪ ಕಷ್ಟ ಆಗಿತ್ತು, ಆಂಟಿ. ಅಮ್ಮಂಗೆ ಹೇಳ್ದೆ."