ಎಡಗೈ ಮುಟ್ಟದ ಬಟ್ಟಲು

ಎರಡು ವರ್ಷಗಳ ಹಿಂದಿನ ಮಾತು. ಮಳೆಗಾಲದ ನಿಷೇಧ ಮುಗಿದು ಹೊನ್ನಾವರ ಬಂದರಿನ ಬೋಟುಗಳು ಮತ್ತೆ ಕಡಲಿಗೆ ಇಳಿದ ವಾರದಲ್ಲೇ ನನಗೆ ಲಕ್ವ ಹೊಡೆಯಿತು. ಬೆಳಿಗ್ಗೆ ಒಂದು ಬೋಟಿನ ಇಂಜಿನ್ನಿನ ಮುಂದೆ ಸ್ಪ್ಯಾನರ್ ಹಿಡಿದು ಕುಳಿತಿದ್ದೆ. ಅದು ಕೈಯಿಂದ ಜಾರಿತು. ಎತ್ತಿಕೊಳ್ಳಲು ಹೋದರೆ ಕೈ ನನ್ನ ಮಾತು ಕೇಳಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಮಾತು ಸರಿಯಾಗಿತ್ತು, ಕಾಲೆಳೆದುಕೊಂಡು ನಡೆಯುವುದೂ ಸಾಧ್ಯವಾಗಿತ್ತು. ಬಲಗೈ ಮಾತ್ರ ಇಟ್ಟ ಕಡೆ ಇರುತ್ತಿತ್ತು.

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಮುಂದಿನ ಓದನ್ನು ಊರಿನ ಗ್ರಂಥಾಲಯದಲ್ಲಿ ಓದಿಕೊಂಡೆ, ಕಸುಬನ್ನು ಇಂಜಿನ್ ಬಿಚ್ಚಿ ಕಲಿತೆ. ಹಾಗಾಗಿ ಬಿಚ್ಚಿ ನೋಡದ ಹೊರತು ಯಾವ ಮಾತನ್ನೂ ಒಪ್ಪುವ ಅಭ್ಯಾಸ ನನಗಿಲ್ಲ. ಕಾಯಿಲೆ ಬಿದ್ದವನ ಮನೆಗೆ ಬರುವ ಮಾತುಗಳಾದರೋ ಹೇಳಿ ಮುಗಿಯುವಂಥವಲ್ಲ. ಪಾರಿವಾಳದ ರಕ್ತ ಹಚ್ಚಿದರೆ ಕೈ ಏಳುತ್ತದೆ ಎಂದರು ಒಬ್ಬರು. ಬಂಗಡೆ ನಂಜು, ಲಕ್ವ ಹೊಡೆದವರು ಮೀನನ್ನೇ ಬಿಡಬೇಕು ಎಂದರು ಇನ್ನೊಬ್ಬರು. ಆರು ತಿಂಗಳಲ್ಲಿ ಬಾರದ ಕೈ ಮತ್ತೆ ಬರುವುದೇ ಇಲ್ಲ ಎಂದು ಮತ್ತೊಬ್ಬರು ಹೇಳಿ, ನಾನು ಕೇಳಿಸಿಕೊಂಡೆನೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿದರು. ಎಲ್ಲರಿಗೂ ನನ್ನದು ಒಂದೇ ಪ್ರಶ್ನೆ: "ಯಾರಿಗೆ ಹಂಗಾದದ್ದು? ನೀ ಕಂಡಿದ್ಯಾ?" ಕಂಡವರು ಒಬ್ಬರೂ ಇರಲಿಲ್ಲ.

"ಇವ್ರ ಕೈ ಹೋದ್ರೂ ವಾದ ಹೋಗ್ಲಿಲ್ಲ ಕಾಣಿ," ಎಂದು ನನ್ನ ಹೆಂಡತಿ ಮಾದೇವಿ ಬಂದವರಿಗೆ ಚಹಾ ಕೊಡುತ್ತಾ ಹೇಳುತ್ತಿದ್ದಳು.

ಮೀನಿನ ವಿಷಯವನ್ನು ನಾನು ಡಾಕ್ಟರನ್ನೇ ಕೇಳಿದೆ. ಉಪ್ಪು ಕಡಿಮೆ ಮಾಡಿ, ಮೀನು ತಿನ್ನಿ ಎಂದರು. ಆದರೆ ವಾದ ಮಾಡಿ ಗೆಲ್ಲಲಾಗದ ಸಂಗತಿಯೊಂದು ಮನೆಯಲ್ಲೇ ಇತ್ತು. ಮಾದೇವಿ ಬಂಗಡೆಯ ಮುಳ್ಳು ಬಿಡಿಸಿ, ಅನ್ನದಲ್ಲಿ ಕಲಸಿ, ತುತ್ತು ಮಾಡಿ ನನ್ನ ಬಾಯಿಗೆ ಇಡುತ್ತಿದ್ದಳು. ಅವಳ ಮುಖದಲ್ಲಿ ಬೇಸರದ ಸುಳಿವೂ ಇರಲಿಲ್ಲ. ನನಗೇ ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬಂದರಿನ ಪಕ್ಕದಲ್ಲೇ ಹುಟ್ಟಿ ಬೆಳೆದವನು ನಾಲ್ಕು ವರ್ಷದ ಮಗುವಿನಂತೆ ಮುಳ್ಳಿಲ್ಲದ ಮೀನು ನುಂಗುವುದೆಂದರೆ ಏನೆಂದು ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ಹಸಿವಿಲ್ಲ ಎನ್ನತೊಡಗಿದೆ. ಮೈ ಇಳಿಯಿತು. ಅದನ್ನು ಗಮನಿಸಿದ ಡಾಕ್ಟರು ನನ್ನನ್ನು ಕುಮಟಾಕ್ಕೆ ಕಳುಹಿಸಿದರು.

ಕುಮಟಾದ ಒಂದು ಆಸ್ಪತ್ರೆಯ ಹಿಂಬದಿಯ ಕೋಣೆಗೆ ದೂರದ ಕಾಲೇಜೊಂದರಿಂದ ಆಕ್ಯುಪೇಷನಲ್ ಥೆರಪಿ ವಿದ್ಯಾರ್ಥಿಗಳು ತಂಡತಂಡವಾಗಿ ತರಬೇತಿಗೆ ಬರುತ್ತಿದ್ದರು. ಉಣ್ಣುವುದು, ಉಡುವುದು, ತನ್ನ ಕಸುಬು ಮಾಡುವುದು, ಹೀಗೆ ದಿನನಿತ್ಯದ ಕೆಲಸಗಳ ಮೂಲಕವೇ ಸೋತ ಕೈಕಾಲಿಗೆ ಮತ್ತೆ ಕೆಲಸ ಕಲಿಸುವ ವಿದ್ಯೆ ಅದು ಎಂದು ನನಗೆ ತಿಳಿದದ್ದು ಅಲ್ಲಿಯೇ. ನನ್ನನ್ನು ಕೊನೆಯ ವರ್ಷದ ಚೈತ್ರಾ ಎಂಬ ಹುಡುಗಿಗೆ ಒಪ್ಪಿಸಿದರು. ತಿಪಟೂರು ಕಡೆಯವಳು. ಮೊದಲ ದಿನ ಅವಳು ನನ್ನ ಮುಂದೆ ಬಣ್ಣದ ಪ್ಲಾಸ್ಟಿಕ್ ಗೂಟಗಳನ್ನೂ ತೂತುಗಳ ಹಲಗೆಯನ್ನೂ ಇಟ್ಟಳು.

"ಇದು ಅಂಗನವಾಡಿ ಸಾಮಾನಲ್ದಾ ತಂಗಿ?" ಎಂದೆ.

ಅವಳು ವಾದಿಸಲಿಲ್ಲ. ಹಲಗೆಯನ್ನು ಎತ್ತಿ ಬದಿಗಿಟ್ಟು, "ಆಯ್ತು ಬಿಡಿ ಅಜ್ಜ. ಕೈ ಬಂದ್ರೆ ಮೊದ್ಲು ಏನ್ ಮಾಡ್ಬೇಕು ಅಂತಿದೀರ?" ಎಂದು ಕೇಳಿದಳು. ಅಲ್ಲಿಯವರೆಗೆ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ.

"ಬಂಗಡೆ ತಿಂತೆ. ನಾನೇ ಮುಳ್ಳು ಬಿಡ್ಸಿ."

ಅವಳು ನಕ್ಕಳು. ಮರುಕ್ಷಣವೇ ಮುಖ ಸಣ್ಣದಾಯಿತು. "ನಮ್ಮನೇಲಿ ಮೀನು ತರೋದೇ ಇಲ್ಲ ಅಜ್ಜ. ನಾನು ಮುಟ್ಟಿ ಕೂಡ ನೋಡಿಲ್ಲ."

ಅವಳ ಕಷ್ಟ ಅಷ್ಟೇ ಆಗಿರಲಿಲ್ಲ. ತರಬೇತಿಯ ಕೊನೆಯ ದಿನ ಕಾಲೇಜಿನ ಮೇಡಂ ಬಂದು ನೋಡುತ್ತಾರೆ. ರೋಗಿ ತಾನು ಬಯಸಿದ ಕೆಲಸವನ್ನು ಅವರ ಕಣ್ಣೆದುರು ಮಾಡಬೇಕು. ಆಗದಿದ್ದರೆ ಅವಳು ಈ ತರಬೇತಿಯನ್ನು ಮೊದಲಿನಿಂದ ಮಾಡಬೇಕು, ಜೊತೆಯವರೊಂದಿಗೆ ಪದವಿ ಸಿಗುವುದಿಲ್ಲ. ಚಮಚದಲ್ಲಿ ಉಪ್ಪಿಟ್ಟು ತಿನ್ನಲು ಕಲಿಸು, ಸುಲಭವಾಗಿ ಪಾಸಾಗುತ್ತೀ ಎಂದು ಗೆಳತಿಯರು ಹೇಳಿದ್ದರಂತೆ. ಯಾಕೆ ಹಾಗೆ ಮಾಡಲಿಲ್ಲವೆಂದು ಕೇಳಿದೆ. "ನೀವು ಉಪ್ಪಿಟ್ಟು ಕೇಳ್ಲಿಲ್ವಲ್ಲ ಅಜ್ಜ," ಎಂದಳು. ಮೀನು ತಿನ್ನದವಳು ಮೀನು ತಿನ್ನಲು ಕಲಿಸಿಯಾಳು ಎಂದು ನಾನು ನಂಬಲಿಲ್ಲ. ಆದರೂ ಆ ಉತ್ತರ ನನಗೆ ಹಿಡಿಸಿತು.

ಒಂದು ಭಾನುವಾರ ಅವಳು ಹೊನ್ನಾವರದ ನಮ್ಮ ಮನೆಗೆ ಬಂದಳು. ಕೆಲಸವೊಂದನ್ನು ಕಲಿಸುವ ಮೊದಲು ಅದನ್ನು ಸಣ್ಣಸಣ್ಣ ಹಂತಗಳಾಗಿ ಬಿಡಿಸಿ, ಯಾವ ಬೆರಳು ಎಲ್ಲಿ ಏನು ಮಾಡುತ್ತದೆ ಎಂದು ನೋಡಬೇಕು ಎಂಬುದು ಅವರ ಪದ್ಧತಿ. ಇಂಜಿನ್ ಬಿಚ್ಚಿದ ಹಾಗೆಯೇ ಅಲ್ಲವೇ ಎಂದುಕೊಂಡೆ. ಮಾದೇವಿ ಬಟ್ಟಲು ಹಾಕಿಕೊಂಡು ಕೂತಳು. ಚೈತ್ರಾ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಎದುರು ಕೂತಳು.

"ಮೂಗು ಮುಚ್ಚಂಡು ಎಂತ ಕಲೀತೆ ಮಗಾ? ಅದ್ನ ಆಚಿಗಿಡು," ಎಂದಳು ಮಾದೇವಿ.

ಹುಡುಗಿ ಕರವಸ್ತ್ರವನ್ನು ಚೀಲಕ್ಕೆ ಹಾಕಿದಳು. ಆಮೇಲೆ ಮಾದೇವಿಗೆ ನಿಧಾನವಾಗಿ ಉಣ್ಣಲು ಹೇಳಿ, ನಡುವೆ ನಿಲ್ಲಿಸಿ, ಮತ್ತೆ ಉಣ್ಣಲು ಹೇಳಿ ನೋಡಿದಳು. ಕೊನೆಗೆ ಕಣ್ಣು ಅರೆಮುಚ್ಚಿ ತಾನೇ ಒಂದು ಬಂಗಡೆಗೆ ಕೈ ಹಾಕಿದಳು. ಎಡಗೈಯಲ್ಲಿ ಬಾಲ ಹಿಡಿದು ಬಲಗೈಯಲ್ಲಿ ಮಾಂಸ ಬಿಡಿಸಿದಳು. "ಅಜ್ಜ, ಹೀಗೆ ಮಾಡಿದ್ರೆ ನಿಮ್ಗೆ ಸುಲಭ. ಎಡಗೈ ಹಿಡ್ಕೊಳ್ಲಿ, ಬಲಗೈ ಸ್ವಲ್ಪ ಕೆಲಸ ಮಾಡಿದ್ರೆ ಸಾಕು." ನಾನು ಎಡಗೈಯನ್ನು ಬಟ್ಟಲಿನತ್ತ ಚಾಚಿದೆನೋ ಇಲ್ಲವೋ, ಮಾದೇವಿ ನನ್ನ ಮಣಿಕಟ್ಟು ಹಿಡಿದಳು.

"ಎಡಗೈ ಬಟ್ಲಿಗೆ ಹಾಕೂದಾ? ನಮ್ಮಲ್ಲಿ ಮಕ್ಳಿಗೂ ಬಿಡೂದಿಲ್ಲ."

"ಚೆನ್ನಾಗಿರೋ ಕೈ ಸಹಾಯ ಮಾಡ್ಲಿ ಅಂತ ಅಜ್ಜಿ."

"ಸಹಾಯಕ್ಕೆ ನಾ ಇಲ್ವಾ ಇಲ್ಲಿ?"

ಎಲ್ಲ ಕಟ್ಟಳೆಗಳಿಗೂ ಕಾರಣ ಕೇಳುವ ನಾನು ಆ ದಿನ ಹೆಂಡತಿಯ ಪಕ್ಷ ವಹಿಸಿದೆ. ಕಾರಣ ಹೇಳಲು ಬರಲಿಲ್ಲ. ಎಡಗೈ ಅನ್ನ ಮುಟ್ಟಿದರೆ ಆ ಅನ್ನ ನನಗೆ ಸೇರದು, ಅಷ್ಟೇ. ಚೈತ್ರಾ ಕೈಯಲ್ಲಿದ್ದ ಮೀನನ್ನು ಕೆಳಗಿಟ್ಟಳು. ಮುಖದಲ್ಲಿ ಚಿಂತೆಯಿತ್ತು, ಸಿಟ್ಟಿರಲಿಲ್ಲ. "ಹಾಗಾದ್ರೆ ಬಲಗೈ ಒಂದೇ ಮಾಡ್ಬೇಕು. ಕಷ್ಟ ಆಗತ್ತೆ," ಎಂದಳು. "ಆಗ್ಲಿ," ಎಂದೆ.

ಆ ಮೇಲಿನ ವಾರಗಳಲ್ಲಿ ಅವಳು ಗೋದಿ ಹಿಟ್ಟನ್ನು ಮೀನಿನ ಆಕಾರಕ್ಕೆ ತಟ್ಟಿ, ಒಳಗೆ ಪೊರಕೆಯ ಹಿಡಿಕಡ್ಡಿಯ ಚೂರುಗಳನ್ನು ಸಾಲಾಗಿ ಹುದುಗಿಸಿ ತರುತ್ತಿದ್ದಳು. ಅವನ್ನು ನಾನು ಬಲಗೈಯ ಹೆಬ್ಬೆರಳಿನಿಂದ ಒತ್ತಿ, ಬೆರಳತುದಿಯಿಂದ ಒಂದೊಂದಾಗಿ ಎಳೆದು ತೆಗೆಯಬೇಕು. "ಇದು ತಿಪಟೂರ ಬಂಗಡೆ," ಎಂದು ನಾನು ಹಾಸ್ಯ ಮಾಡಿದರೆ, "ನಂಜಿಲ್ಲದ್ದು ಅಜ್ಜ, ಧೈರ್ಯವಾಗಿ ತಿನ್ನಿ," ಎನ್ನುತ್ತಿದ್ದಳು. ಮೊದಮೊದಲು ಬೆರಳು ಹಿಟ್ಟಿನೊಳಗೆ ಸುಮ್ಮನೆ ಬಿದ್ದಿರುತ್ತಿತ್ತು. ನನಗೆ ಬೆವರು ಬರುತ್ತಿತ್ತು. ಅವಳು ಎದುರು ನಿಂತು ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೋಡುತ್ತಿದ್ದಳು. ಜೊತೆಗೆ ಬರುತ್ತಿದ್ದ ಮಾದೇವಿಗೆ ಅದನ್ನು ಸಹಿಸಲಾಗಲಿಲ್ಲ.

"ಮುದಿಜೀವ ಒದ್ದಾಡೂದ ನೋಡ್ತಾ ನಿತ್ತಿದ್ಯಲ್ಲ, ನಿಂಗೆ ಕರುಣೆ ಇಲ್ವಾ?"

"ನನ್ ಕೈನ ನಾನೇ ಹಿಡ್ಕೊಂಡಿದೀನಿ ಅಜ್ಜಿ," ಎಂದಳು ಹುಡುಗಿ. "ಸಹಾಯ ಮಾಡೋದು ಬೇಗ ಕಲ್ತೆ. ಮಾಡ್ದೇ ನಿಲ್ಲೋದು ಇನ್ನೂ ಬಂದಿಲ್ಲ. ಮೇಡಂ ಅದಕ್ಕೇ ಬೈತಾರೆ."

ದಿನಗಳು ಕಳೆದಂತೆ ಕಡ್ಡಿಗಳು ಹೊರಬರತೊಡಗಿದವು. ಆಮೇಲೆ ಮನೆಯಲ್ಲಿ ಬಂಗಡೆಯ ಮೇಲೆ ಅಭ್ಯಾಸ. ಅದರ ನಡುಮುಳ್ಳು ದಪ್ಪ, ಸಿಕ್ಕಿದರೆ ಒಮ್ಮೆಗೇ ಎದ್ದು ಬರುತ್ತದೆ.

ಪರೀಕ್ಷೆಯ ದಿನ ಬಂತು. ಹಿಂದಿನ ದಿನದಿಂದ ಗಾಳಿಯಿದ್ದು ಬೋಟುಗಳು ಕಡಲಿಗೆ ಹೋಗಿರಲಿಲ್ಲ. ಪೇಟೆಯಲ್ಲಿ ಬಂಗಡೆ ಇರಲಿಲ್ಲ. ಮಾದೇವಿಗೆ ಸಿಕ್ಕಿದ್ದು ತಾರ್ಲೆ, ಬಂಗಡೆಗಿಂತ ಸಣ್ಣ ಮೀನು, ಮೈತುಂಬ ಕೂದಲಿನಂಥ ಮುಳ್ಳು. ಕುಮಟಾದ ಕೋಣೆಯಲ್ಲಿ ಡಬ್ಬಿ ಬಿಚ್ಚಿದಾಗ ಚೈತ್ರಾಳ ಮುಖದ ಬಣ್ಣ ಇಳಿಯಿತು. ಮೀನಿನ ಬಗ್ಗೆ ಅವಳಿಗೆ ಅಷ್ಟು ಗೊತ್ತಾಗಿತ್ತು.

"ಮೊಟ್ಟೆನೂ ತಂದಿದ್ದೆ," ಎಂದಳು ಮಾದೇವಿ ಮೆಲ್ಲಗೆ.

ಚೈತ್ರಾ ನನ್ನ ಕಡೆ ತಿರುಗಿದಳು. "ನೀವೇ ಹೇಳಿ ಅಜ್ಜ. ನನಗೋಸ್ಕರ ಬೇಡ."

"ತಾರ್ಲೇನೇ ಆತು," ಎಂದೆ.

ಮೇಡಂ ಎದುರು ಕುರ್ಚಿ ಹಾಕಿಕೊಂಡು ಕೂತರು. ಐವತ್ತರ ಆಸುಪಾಸಿನವರು, ಹೆಚ್ಚು ಮಾತಿಲ್ಲ. ನಾನು ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಬಲಗೈಯನ್ನು ಬಟ್ಟಲಿಗೆ ಹಾಕಿದೆ. ಮೊದಲ ತಾರ್ಲೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಅದು ಜಾರಿ ಬಟ್ಟಲಿನ ಅಂಚಿಗೆ ಹೋಯಿತು. ಮತ್ತೆ ಒತ್ತಿದೆ, ಮತ್ತೆ ಜಾರಿತು. ಎಡಗೈ ತಾನಾಗಿಯೇ ಎದ್ದು ಬಂತು. ಅದನ್ನು ತಿರುಗಿ ಕೆಳಗಿಟ್ಟೆ. ಮಾದೇವಿ ಸೆರಗಿನ ತುದಿಯನ್ನು ಹಿಂಡುತ್ತಿದ್ದಳು. ಚೈತ್ರಾ ಗೋಡೆಗೆ ಒರಗಿ, ಬೆನ್ನ ಹಿಂದೆ ಕೈ ಕಟ್ಟಿ ನಿಂತಿದ್ದಳು. ಅವಳು ಒಂದು ಬೆರಳು ಮುಂದೆ ತಂದಿದ್ದರೂ ಸಾಕಿತ್ತು, ಮೀನು ನಿಲ್ಲುತ್ತಿತ್ತು. ತರಲಿಲ್ಲ.

ನಾನು ಮೀನನ್ನು ಅನ್ನದ ರಾಶಿಗೆ ತಳ್ಳಿ, ಅನ್ನವೇ ಅದನ್ನು ಹಿಡಿಯುವಂತೆ ಮಾಡಿ, ಮತ್ತೆ ಒತ್ತಿದೆ. ಮಾಂಸ ಬಿರಿಯಿತು. ಬೆರಳತುದಿಗೆ ಮುಳ್ಳು ತಾಗಿತು. ಎಷ್ಟೋ ದಿನ ಏನೂ ತಿಳಿಯದೆ ಬಿದ್ದಿದ್ದ ಬೆರಳಿಗೆ ಮುಳ್ಳು ಚುಚ್ಚಿದ್ದು ತಿಳಿಯಿತು. ಎಳೆದೆ, ಸಾಲಾಗಿ ಬಂತು. ತುತ್ತು ಕಟ್ಟಿ ಬಾಯಿಗಿಟ್ಟೆ. ಆರಿದ ಅನ್ನ, ಉಪ್ಪು ಕಡಿಮೆಯ ಸಾರು. ಅಂಥ ಊಟವನ್ನು ನಾನು ಬದುಕಿನಲ್ಲಿ ಉಂಡಿರಲಿಲ್ಲ. ಬಟ್ಟಲಲ್ಲಿದ್ದ ಮೀನುಗಳೆಲ್ಲ ಮುಗಿಯುವ ತನಕ ಯಾರೂ ಏಳಲಿಲ್ಲ.

ಮೇಡಂ ಚೈತ್ರಾಳನ್ನು ಕೇಳಿದರು: "ಈಗ ಇವರು ಊಟದಲ್ಲಿ ಪೂರ್ತಿ ಸ್ವತಂತ್ರರು ಎನ್ನಬಹುದಾ?"

ಹೌದು ಎಂದರೆ ಆಯಿತಲ್ಲ ಎಂದುಕೊಂಡೆ.

"ಇಲ್ಲ ಮೇಡಂ," ಎಂದಳು ಅವಳು. "ಮೀನಿನ ತಲೇನ ಅಜ್ಜಿ ಮನೇಲೇ ಮುರಿದು ತಂದಿದಾರೆ. ಅದು ಅಜ್ಜನಿಗೆ ಇನ್ನೂ ಬರಲ್ಲ."

ಬೆರಳಿನ ಮೇಲೇ ಗಮನವಿದ್ದ ನಾನು ಅದನ್ನು ನೋಡಿಯೇ ಇರಲಿಲ್ಲ. ಮಾದೇವಿಯ ಕಡೆ ನೋಡಿದರೆ ಅವಳು ಕಿಟಕಿಯ ಆಚೆ ಏನನ್ನೋ ನೋಡುತ್ತಿದ್ದಳು. ಮೇಡಂ ಮೊದಲ ಬಾರಿಗೆ ನಕ್ಕರು. "ಪೂರ್ತಿ ಅಂದಿದ್ದರೆ ನೀನು ಇನ್ನೊಮ್ಮೆ ಕುಮಟಾಕ್ಕೆ ಬರಬೇಕಾಗ್ತಿತ್ತು. ತಲೆ ಮುರಿದದ್ದು ನಾನೂ ನೋಡಿದೆ. ಪಾಸಾದೆ, ಹೋಗು." ಹುಡುಗಿ ಬೆನ್ನ ಹಿಂದಿನ ಕೈ ಬಿಡಿಸಿ, ಆ ಕೈಯಿಂದಲೇ ಮುಖ ಮುಚ್ಚಿಕೊಂಡಳು.

ಆಮೇಲೆ ಮೇಡಂ ನನಗೆ ಒಂದು ವಿಷಯ ಹೇಳಿದರು. ಸೋತ ಕೈ ದುಡಿಯಲೆಂದು ಒಳ್ಳೆಯ ಕೈಗೆ ಚೀಲ ಹಾಕಿ ಕಟ್ಟುವ ಒಂದು ಚಿಕಿತ್ಸೆಯುಂಟಂತೆ. ಕಟ್ಟಿಸಿಕೊಂಡವರು ಜಗಳಕ್ಕೇ ಬರುತ್ತಾರಂತೆ. ನಿಮ್ಮ ಮನೆಯ ಬಟ್ಟಲಿನ ಕಟ್ಟಳೆ ಯಾವ ಚೀಲವೂ ಇಲ್ಲದೆ ಅದೇ ಕೆಲಸ ಮಾಡಿದೆ ಎಂದರು. ಮಾದೇವಿ ಗೆದ್ದವಳಂತೆ ನನ್ನ ಕಡೆ ನೋಡಿದಳು.

"ಒಬ್ಬನ ಕೈ ನೋಡಿ ಹಂಗೆ ಹೇಳೂಕಾಗ್ತದಾ ಮೇಡಂ?" ಎಂದೆ. "ಕೈ ತನ್ನಷ್ಟಕ್ಕೇ ಬರೂದಿತ್ತೋ ಎಂತದೋ."

"ಆಗುವುದಿಲ್ಲ," ಎಂದು ಅವರು ಒಪ್ಪಿಕೊಂಡರು. "ಮುಂದಿನ ತಂಡ ಬಂದಾಗ ಬನ್ನಿ. ನಮ್ಮ ಮಕ್ಕಳನ್ನು ಹೀಗೇ ಕೇಳಿ. ಯಾರಾದರೂ ಕೇಳಬೇಕು."

ಹಾಗಾಗಿ ಈಗ ಹೊಸ ತಂಡ ಬಂದಾಗಲೆಲ್ಲ ನಾನು ಕುಮಟಾದ ಬಸ್ಸು ಹತ್ತುತ್ತೇನೆ. ಮಕ್ಕಳ ಮುಂದೆ ಕೂತು, ನನ್ನ ಮಾತನ್ನು ನಂಬಬೇಡಿ, ನನ್ನ ಕೈಯನ್ನು ನೋಡಿ ಎನ್ನುತ್ತೇನೆ. ಚೈತ್ರಾ ಹಾಸನದ ಕಡೆಯ ಆಸ್ಪತ್ರೆಯೊಂದರಲ್ಲಿದ್ದಾಳೆ. ಫೋನು ಮಾಡಿದರೆ ಮೊದಲು ಇವತ್ತು ಯಾವ ಮೀನು ಎಂದೇ ಕೇಳುತ್ತಾಳೆ. ಅವಳ ಕಲಿಕೆ ನನ್ನ ಕೈಯನ್ನು ತಂದಿತೋ, ಬೇರೆ ಏನು ತಂದಿತೋ, ಖಚಿತವಾಗಿ ಹೇಳಲಾರೆ. ಅವಳು ಕಲಿತದ್ದನ್ನು ಮಾತ್ರ ನಾನು ಕಣ್ಣಾರೆ ಕಂಡಿದ್ದೇನೆ.

ಊಟಕ್ಕೆ ಈಗಲೂ ನನಗೆ ಹೊತ್ತು ಹಿಡಿಯುತ್ತದೆ. ಮಾದೇವಿ ನನ್ನ ಜೊತೆಯಲ್ಲೇ ಬಟ್ಟಲು ಹಾಕಿಕೊಂಡು ಕೂರುತ್ತಾಳೆ. ತನ್ನದು ಮುಗಿದ ಮೇಲೂ ಏಳದೆ, ಕೈ ಒಣಗಿದರೂ ಊರ ಸುದ್ದಿ ಹೇಳುತ್ತಿರುತ್ತಾಳೆ. ಆ ದಿನಗಳಲ್ಲಿ ಅವಳು ನನಗೆ ತಿನ್ನಿಸಿ ಮುಗಿಸಿದ ಮೇಲೆ ಒಲೆಯ ಬದಿಯಲ್ಲಿ ಒಬ್ಬಳೇ ಉಣ್ಣುತ್ತಿದ್ದಳು. ಅಷ್ಟು ಕಾಲವೂ ಅವಳಿಗೆ ಬಿಸಿ ಅನ್ನ ಸಿಕ್ಕಿರಲಿಲ್ಲ ಎಂಬುದು ನನಗೆ ಹೊಳೆದದ್ದು, ಅವಳು ನನ್ನ ಎದುರು ಕೂತು ಅನ್ನವನ್ನು ಊದಿಕೊಂಡು ಉಣ್ಣುವುದನ್ನು ನೋಡಿದಾಗ.